ಚಳಿಯಕ್ಕನ ನಂಬರು

ನಮ್ಮ ಕಾರ್ಖಾನೆಯಲ್ಲಿ ನಡುಗೋದಕ್ಕೆ ಸಂಬಳ ತಗೊಳ್ತಿದ್ದೋಳು ಒಬ್ಬಳೇ. ಉಳಿದ ನಾವೆಲ್ಲ ಹೊಲಿಯೋದಕ್ಕೆ, ಕತ್ತರಿಸೋದಕ್ಕೆ, ತುಂಬೋದಕ್ಕೆ, ಮೇಸ್ತ್ರಿ ಕೈಲಿ ಬೈಸಿಕೊಳ್ಳೋದಕ್ಕೆ ತಗೊಳ್ತಿದ್ವಿ. ಅವಳನ್ನ ಎಲ್ಲರೂ ಚಳಿಯಕ್ಕ ಅಂತಿದ್ರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರು ಇರಬೇಕು, ನಾನಂತೂ ನೋಡಿಲ್ಲ.

ನಾವು ಮಾಡೋದು ಸ್ಲೀಪಿಂಗ್ ಬ್ಯಾಗು. ಬೆಟ್ಟ ಹತ್ತೋರು, ಡೇರೆಯಲ್ಲಿ ಉಳಿಯೋರು ಒಳಗೆ ತೂರಿ, ಜಿಪ್ ಎಳ್ಕೊಂಡು ಮಲಗ್ತಾರಲ್ಲ, ಅದು. ನಮ್ಮ ಬಾಯಲ್ಲಿ ಅದು ಬರೀ ಚೀಲ. ಅದಕ್ಕೆ ಜಿಪ್ ಕೂರಿಸೋಳು ನಾನು, ಇಪ್ಪತ್ತೊಂದು ವರ್ಷದಿಂದ. ಹಾಗಾಗಿ ನಾನು ಜಿಪ್ಪಮ್ಮ. "ಊರಿನ ಚೀಲಕ್ಕೆಲ್ಲ ಜಿಪ್ ಹಾಕ್ತಾಳೆ, ಅವಳ ಬಾಯಿಗೊಂದು ಹಾಕೋರಿಲ್ಲ" ಅಂತ ಲೇಬಲ್ ಮೇಸ್ತ್ರಿ ದಿನಾ ಅಂತಾನೆ. ಅನ್ಲಿ ಬಿಡಿ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ, ನನಗೆ ಎರಡೂ ಬರುತ್ತೆ.

ಪ್ರತಿ ಚೀಲದ ಮೇಲೂ ಒಂದು ನಂಬರ್ ಇರುತ್ತೆ. ಎಷ್ಟು ಡಿಗ್ರಿ ಚಳಿಯವರೆಗೆ ಇದರಲ್ಲಿ ಹಾಯಾಗಿ ನಿದ್ದೆ ಬರುತ್ತೆ ಅನ್ನೋ ನಂಬರು. ದೊಡ್ಡ ಕಂಪನಿಗಳಲ್ಲಿ ಅದನ್ನ ಲೋಹದ ಬೊಂಬೆ ಮಲಗಿಸಿ ಅಳೀತಾರಂತೆ. ಆ ಬೊಂಬೆಯ ಬೆಲೆಗೆ ನಮ್ಮ ಕಾರ್ಖಾನೆ ಗೋಡೆ ಸಮೇತ ಬರುತ್ತೆ. ಆದ್ದರಿಂದ ನಮ್ಮಲ್ಲಿ ಬೊಂಬೆ ಇಲ್ಲ, ಅಕ್ಕ ಇದ್ದಳು. ಹಿಂದೆ ಯಾರೋ ಹಣ್ಣು ಶೇಖರಿಸ್ತಿದ್ದ ತಣ್ಣನೆ ಕೋಣೆ ಒಂದಿದೆ ನಮ್ಮ ಹಿತ್ತಲ ಕಡೆ. ಅದರಲ್ಲೊಂದು ಮಂಚ. ತೆಳ್ಳನೆ ಬಟ್ಟೆ, ಒಂದು ಜೊತೆ ಕಾಲುಚೀಲ ಹಾಕ್ಕೊಂಡು ಅಕ್ಕ ಚೀಲದೊಳಗೆ ಮಲಗಬೇಕು. ಹತ್ತು ಡಿಗ್ರಿಯಿಂದ ಶುರು. ಹತ್ತು ನಿಮಿಷಕ್ಕೊಂದು ಡಿಗ್ರಿ ಇಳಿಸ್ತಾ ಹೋಗ್ತಾರೆ. ಪಾದ ತಣ್ಣಗಾಗಿ, ಇನ್ನು ನಿದ್ದೆ ಬರಲ್ಲ ಅನ್ನಿಸಿದ ಕೂಡಲೇ ಅವಳು ಗಂಟೆ ಒತ್ತಬೇಕು. ಹೊರಗೆ ಗಾಜಿನ ಕಿಂಡಿ ಹತ್ತಿರ ಕೂತ ಮೇಸ್ತ್ರಿ ಆಗ ಎಷ್ಟಿದೆಯೋ ಅದನ್ನ ಬರ್ಕೊಂಡು ಲೇಬಲ್ ಹೊಡೆಸ್ತಾನೆ. ಅಷ್ಟೇ. ಹದಿನೇಳು ವರ್ಷ ನಮ್ಮ ಚೀಲಗಳ ಮೇಲಿದ್ದ ನಂಬರೆಲ್ಲ ಆ ಒಂದು ಜೋಡಿ ಪಾದದಿಂದ ಬಂದದ್ದು.

ಅವಳು ಮೊದಲು ಬಟ್ಟೆ ಕತ್ತರಿಸೋ ಮೇಜಿನ ಹತ್ತಿರ ಇದ್ದಳು. ಬೇಸಿಗೆಯಲ್ಲಿ ನಾವೆಲ್ಲ ಉಸ್ಸಪ್ಪಾ ಅಂತ ಗಾಳಿ ಹಾಕ್ಕೊಳ್ತಿದ್ರೆ ಇವಳು ಎರಡು ಸ್ವೆಟರ್ ಹಾಕ್ಕೊಂಡು ಕತ್ತರಿ ಹಿಡಿದಿದ್ದಳು. ಯಜಮಾನ್ರು ನೋಡಿದ್ರು, ನಕ್ಕರು, ಮಾರನೇ ದಿನ ಕರೆದು ಕೇಳಿದ್ರು. "ಅಮ್ಮ, ನಿಮಗೆ ಚಳಿ ಆದ್ರೆ ಇನ್ಯಾರಿಗೂ ಆಗೋಕೆ ಮುಂಚೆ ಆಗುತ್ತೆ. ನಿಮಗೆ ಬೆಚ್ಚಗಿದ್ದ ಚೀಲ ಲೋಕಕ್ಕೆಲ್ಲ ಬೆಚ್ಚಗಿರುತ್ತೆ. ಮಲಗ್ತೀರಾ?" ಜೊತೆಗೆ ಒಂದು ಆಸೆನೂ ತೋರಿಸಿದ್ರು. ಕಾರ್ಖಾನೆ ಅಂಗಳದಲ್ಲಿ ಎರಡು ಕೋಣೆಯ ಮನೆ ಇದೆ. ಮಲಗೋ ಕೆಲಸ ಯಾರದೋ ಮನೆ ಅವರದು. ಕೆಲಸ ಬಿಟ್ಟ ದಿನ ಮನೆನೂ ಬಿಡಬೇಕು.

ಅಕ್ಕ ಒಪ್ಪಿಕೊಂಡದ್ದು ಆ ಮನೆಗಾಗಿ. ಮನೆ ಅಂದ್ರೆ ಅದರ ಬಾಗಿಲಿಗಾಗಿ. ಅವಳ ಅತ್ತೆ ಸೊಂಟ ಮುರ್ಕೊಂಡು, ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ ಎರಡು ವರ್ಷ ಹೊರಗಿನ ಮುಖ ನೋಡದೆ ಬಿದ್ದಿದ್ರು. ಅಂಗಳದ ಮನೆಗೆ ಮೆಟ್ಟಿಲಿಲ್ಲ, ಬಾಗಿಲು ಅಗಲ. ಬಂದ ಮಾರನೇ ದಿನವೇ ಕುರ್ಚಿ ಹೊಸಿಲ ಪಕ್ಕ ಬಂತು, ಅತ್ತೆ ಕೂತರು. ಆಮೇಲೆ ಹದಿನೇಳು ವರ್ಷ ಏಳಲಿಲ್ಲ ಅನ್ನಿ. ಬರೋರು ಹೋಗೋರನ್ನೆಲ್ಲ ಮಾತಾಡಿಸಬೇಕು. "ಏನೇ ಜಿಪ್ಪಮ್ಮ, ಇವತ್ತು ಯಾರನ್ನ ಬೈದು ಬಂದೆ?" ಅಂತ ಕೇಳದೆ ನನ್ನನ್ನ ಒಳಗೆ ಬಿಡ್ತಿರಲಿಲ್ಲ. ಗಂಡ ತೀರಿಹೋದ ಮೇಲೆ ಅಕ್ಕನಿಗೆ ಇದ್ದದ್ದು ಆ ಅತ್ತೆ ಒಬ್ಬರೇ, ಅತ್ತೆಗೆ ಇದ್ದದ್ದು ಆ ಬಾಗಿಲು ಒಂದೇ. ಅಕ್ಕನಿಗೆ ಚಳಿ ಆಗ್ತಾ ಇರೋವರೆಗೆ ಬಾಗಿಲು ಅವರದು. ಇದನ್ನ ತಲೆಯಲ್ಲಿಟ್ಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಕಾರ್ಖಾನೆ ಮುಂದೆ ನಮ್ಮದೇ ಒಂದು ಅಂಗಡಿ ಇದೆ. ಚೀಲ ಆರಿಸೋಕೆ ಬರೋ ಜನರನ್ನ ನೋಡ್ಬೇಕು ನೀವು, ದೇವರೇ! ಹಸಿರು ಚೀಲ ಬೇಸಿಗೆಗೆ, ನೀಲಿ ನಡುವಿನ ಚಳಿಗೆ, ಕೆಂಪು ಹಿಮ ಬೀಳೋ ಜಾಗಕ್ಕೆ. ಜನ ಮಾತ್ರ ಕೈಚೀಲದ ಬಣ್ಣಕ್ಕೆ ಹೊಂದುತ್ತಾ ಅಂತ ನೋಡ್ತಾರೆ. ಇಲ್ಲಾಂದ್ರೆ ತೂಕ ನೋಡಿ ಹಗುರವಾದ್ದನ್ನ ಎತ್ತಿಕೊಳ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ್ರು ಹಿರಿಯರು, ಇವರು ಚಳಿ ಎಷ್ಟಿದೆ ಅಂತ ನೋಡದೆ ಹಾಸಿಗೆ ಕೊಳ್ಳೋರು.

ಅಕ್ಕ ಬಿಡುವಿದ್ದಾಗ ಅಂಗಡಿಗೆ ಬಂದು ನಿಲ್ತಿದ್ದಳು. ಅವಳ ಪ್ರಶ್ನೆ ಮೂರೇ. ಎಲ್ಲಿಗೆ ಹೋಗ್ತೀರಿ, ಅಲ್ಲಿ ಬೆಳಗಿನ ಜಾವ ಎಷ್ಟು ಡಿಗ್ರಿ, ನೀವು ಮನೆಯಲ್ಲಿ ರಗ್ಗು ಎಳ್ಕೊಳ್ಳೋರೋ ಒದೆಯೋರೋ. ಎಳ್ಕೊಳ್ಳೋರಾದ್ರೆ ಐದು ಡಿಗ್ರಿ ಕೆಳಗಿನ ಚೀಲ ತಗೊಳ್ಳಿ ಅಂತಿದ್ದಳು. ಯಾರಾದ್ರೂ "ಇದು ಚೆನ್ನಾಗಿ ಬಿಸಿ ಕೊಡುತ್ತಾ?" ಅಂದ್ರೆ ಅವಳಿಗೆ ಸಿಟ್ಟು. "ಚೀಲ ಬಿಸಿ ಕೊಡಲ್ಲಪ್ಪ. ನಿಮ್ಮ ಮೈಯಲ್ಲಿ ಇರೋದನ್ನ ಹೊರಗೆ ಬಿಡದೆ ಇಟ್ಕೊಳ್ಳುತ್ತೆ, ಅಷ್ಟೇ. ನೀವು ತಣ್ಣಗೆ ಒಳಗೆ ಹೋದ್ರೆ ಅದೂ ತಣ್ಣಗೇ ಇರುತ್ತೆ." ಈ ಮಾತನ್ನ ನಾನು ನೂರು ಸಲ ಕೇಳಿದ್ದೀನಿ. ಕೇಳಿಯೂ ಹೋದ ವರ್ಷ ಕಣ್ಣೆದುರು ನಡೀತಿದ್ದದ್ದು ನನಗೆ ಅರ್ಥ ಆಗಲಿಲ್ಲ, ನನ್ನ ಬುದ್ಧಿಗಿಷ್ಟು.

ಹೋದ ವರ್ಷ ಅಕ್ಕನಿಗೆ ಐವತ್ತು ತುಂಬಿತು. ಸ್ವೆಟರ್ ಮಾಯವಾಯ್ತು. ಊಟದ ಹೊತ್ತಿಗೆ ಕಿಟಕಿ ಪಕ್ಕ ಕೂರೋಳು, ರಟ್ಟಿನ ತುಂಡು ತಗೊಂಡು ಕತ್ತಿಗೆ ಗಾಳಿ ಬೀಸ್ಕೊಳ್ಳೋಳು. ಒಂದೊಂದು ಸಲ ಮಾತಾಡ್ತಾ ಇದ್ದ ಹಾಗೇ ಮುಖ ಕೆಂಪಾಗಿ ಹಣೆಯಲ್ಲಿ ಬೆವರು. "ಏನಕ್ಕ, ಚಳಿಯಕ್ಕ ಹೋಗಿ ಸೆಕೆಯಕ್ಕ ಆದ್ಯಾ?" ಅಂತ ನಾನು ಎಲ್ಲರ ಮುಂದೆ ರೇಗಿಸಿದೆ. ಅವಳು ಥಟ್ಟನೆ ರಟ್ಟು ಕೆಳಗಿಟ್ಟು ಸುತ್ತ ನೋಡಿದಳು. ಅವತ್ತು ಸಂಜೆಯಿಂದ ಮತ್ತೆ ಸ್ವೆಟರ್ ಬಂತು. ಅದರೊಳಗೆ ಬೇಯ್ತಾ ಇದ್ದಳು ಪಾಪ, ನನಗೇನು ಗೊತ್ತು.

ಅದೇ ಹೊತ್ತಿಗೆ ಯಜಮಾನ್ರು ಹೊಸ ನೀಲಿ ಚೀಲ ತಂದ್ರು. ಒಳಗೆ ತುಂಬೋದು ಹೊಸ ನಾರು, ಮೊದಲಿನದರ ಅರ್ಧ ದಪ್ಪ. "ತೂಕ ಅರ್ಧ, ಬಿಸಿ ಅಷ್ಟೇ ಅಂತ ಮಾರಿದವನು ಹೇಳಿದಾನೆ, ನೋಡೋಣ" ಅಂದ್ರು. ಅಕ್ಕ ಮಲಗಿದಳು. ಐದು ಆಯ್ತು, ಸೊನ್ನೆ ಆಯ್ತು, ಮೈನಸ್ ಎರಡು ಆಯ್ತು, ಗಂಟೆ ಇಲ್ಲ. ಮೇಸ್ತ್ರಿ ಗಾಬರಿಯಾಗಿ ಕಿಂಡಿ ಬಡಿದ. ಕಣ್ಣು ಬಿಟ್ಟು ನೋಡಿದಳು, ಮತ್ತೆ ಮುಚ್ಚಿದಳು. ಮೈನಸ್ ನಾಲ್ಕಕ್ಕೆ ಗಂಟೆ ಆಯ್ತು. ಯಜಮಾನ್ರು ಕುಣಿಯೋದೊಂದು ಬಾಕಿ! ಎಲ್ಲರಿಗೂ ಸಿಹಿ ಹಂಚಿದ್ರು. ಮೇಸ್ತ್ರಿ 'ಮೈನಸ್ ನಾಲ್ಕು' ಅಂತ ಲೇಬಲ್ ಹೊಡೆಸಿದ.

ತಿಂಗಳೊಳಗೆ ಮೊದಲ ದೊಡ್ಡ ಆರ್ಡರ್ ಬಂತು, ಅರುವತ್ತು ಚೀಲ. ನರ್ಸಿಂಗ್ ಕಲಿಯೋ ಹುಡುಗಿಯರು ಬೆಟ್ಟದ ಮೇಲೆ ಮೂರು ದಿನ ಡೇರೆ ಹಾಕಿ ಶಿಬಿರ ಮಾಡ್ತಾರೆ. ಅಲ್ಲಿ ಬೆಳಗಿನ ಜಾವ ಮೈನಸ್ ಎರಡರವರೆಗೆ ಇಳಿಯುತ್ತೆ. ಲೇಬಲ್ ನೋಡಿದ್ರು, ಹೊಸ ನೀಲಿ ಸಾಕು ಅಂದ್ರು. ಆ ಅರುವತ್ತರಲ್ಲಿ ಒಬ್ಬಳು ನನ್ನ ಮಗಳು.

ನನಗೆ ಒಂದೇ ಖುಷಿ. ಮಗಳು ನಾನೇ ಜಿಪ್ ಕೂರಿಸಿದ ಚೀಲದಲ್ಲಿ ಮಲಗ್ತಾಳೆ! ಅರುವತ್ತರಲ್ಲೂ ಹೊಲಿಗೆ ನೋಡಿ, ಜಿಪ್ ಎಳೆಯೋ ರನ್ನರನ್ನ ಮೇಲೆ ಕೆಳಗೆ ಆಡಿಸಿ, ಒಂದನ್ನ ಆರಿಸಿ ಕಂಕುಳಲ್ಲಿ ಇಟ್ಕೊಂಡು ಅಕ್ಕನ ಹತ್ತಿರ ಹೋದೆ. ಅವಳು ದಾಸ್ತಾನು ಕೋಣೆಯಲ್ಲಿ ಬಟ್ಟೆ ಸುರುಳಿಗಳ ಮಧ್ಯೆ ಒಬ್ಬಳೇ ಕೂತಿದ್ದಳು.

"ಅಕ್ಕ, ಇದು ನನ್ನ ಮಗಳಿಗೆ. ನೋಡು, ಸರಿಯಾಗಿದೆಯಾ?"

ಅವಳು ಚೀಲ ಮುಟ್ಟಲೇ ಇಲ್ಲ. "ಅವಳಿಗೆ ಕೆಂಪು ಕೊಡು" ಅಂದಳು.

"ಕೆಂಪಾ? ಅದು ಮೈನಸ್ ಹತ್ತಕ್ಕೆ. ಅಷ್ಟು ಭಾರ ಹೊತ್ಕೊಂಡು ಬೆಟ್ಟ ಹತ್ತಬೇಕಾ ನನ್ನ ಮಗಳು? ಇದು ಮೈನಸ್ ನಾಲ್ಕಲ್ವಾ?"

"ಕೆಂಪು ಕೊಡು ಅಂದೆನಲ್ಲ ಕಣೇ."

"ಯಾಕೆ ಅಂತ ಹೇಳು ಮೊದಲು. ಇದು ನಿನ್ನದೇ ನಂಬರು!"

ಅವಳು ಪಕ್ಕದ ಬಟ್ಟೆ ಸುರುಳಿ ಸುತ್ತತೊಡಗಿದಳು. ನನಗೆ ಪಿತ್ತ ನೆತ್ತಿಗೇರಿತು. ನನ್ನ ಮಗಳು ಇವಳಿಗೆ ಹೊರೆ ಹೊರೋ ಕತ್ತೆ ಥರ ಕಾಣ್ತಾಳಾ ಅಂತ ಏನೇನೋ ಅಂದುಬಿಟ್ಟೆ. ಕೊನೆಗೆ, "ಹಾಗಾದ್ರೆ ನಿನ್ನ ನಂಬರ್ ಸುಳ್ಳಾ?" ಅಂದೆ. ಬಾಯಿತಪ್ಪಿ ಬಂದ ಮಾತು ಅದು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಕೊಂಡಳು.

"ನನಗೆ ಚಳಿ ಆಗ್ತಿಲ್ಲ ಕಣೇ" ಅಂದಳು. "ವರ್ಷ ಆಯ್ತು. ಮುಟ್ಟು ನಿಂತಿತಲ್ಲ, ಆವಾಗಿಂದ ಎದೆಯಿಂದ ಕಾವು ಎದ್ದು ತಲೆಗೆ ಹತ್ತುತ್ತೆ. ಆ ಕೋಣೆಯಲ್ಲಿ ಸೊನ್ನೆ ಡಿಗ್ರಿಯಲ್ಲಿ ಬೆವರ್ತೀನಿ. ಹಸಿರು, ಕೆಂಪು ಆದ್ರೆ ಹಳೇ ನಂಬರ್ ನೆನಪಿದೆ, ಹೊತ್ತು ಎಣಿಸಿ ಗಂಟೆ ಒತ್ತುತ್ತಿದ್ದೆ. ಈ ಹೊಸದಕ್ಕೆ ಹಳೇ ನಂಬರೇ ಇಲ್ಲ. ಎಲ್ಲಿ ಒತ್ತಬೇಕು ಅಂತ ಗೊತ್ತಾಗಲಿಲ್ಲ. ಇನ್ನೂ ಬೆಚ್ಚಗಿದೆ, ನಾರೇ ಚೆನ್ನಾಗಿದೆಯೇನೋ ಅಂತ ನನಗೆ ನಾನೇ ಹೇಳ್ಕೊಂಡೆ."

"ಹೇಳೋಕೆ ಏನಾಗಿತ್ತು ನಿನಗೆ?"

ಅವಳು ಬಾಗಿಲ ಕಡೆ ನೋಡಿದಳು ಅಷ್ಟೇ. ಅಂಗಳದಾಚೆ ಅತ್ತೆ ಕುರ್ಚಿಯಲ್ಲಿ ಕೂತು, ಲಾರಿ ಚಾಲಕನಿಗೆ ಹಿಂದಕ್ಕೆ ಹೇಗೆ ತಗೋಬೇಕು ಅಂತ ಹೇಳಿಕೊಡ್ತಿದ್ರು.

ನಿಜ ಹೇಳಿಬಿಡ್ತೀನಿ, ನಾಚಿಕೆ ಆದ್ರೂ ಸರಿ. ಅವತ್ತು ನಾನು ಕೆಂಪು ಚೀಲ ತಗೊಂಡು ಮನೆಗೆ ಹೋದೆ, ಸುಮ್ಮನಾದೆ. ನನ್ನ ಮಗಳಿಗೆ ಕೆಂಪು ಸಿಕ್ತು, ಅಕ್ಕನಿಗೆ ಮನೆ ಉಳೀತು, ಸಾಕು ಅಂದ್ಕೊಂಡೆ. ಎರಡು ದಿನ ಹಾಗೇ ಇದ್ದೆ. ಮೂರನೇ ದಿನ ಮಗಳು ಗೆಳತಿಯನ್ನ ಕರ್ಕೊಂಡು ಬಂದಳು. ಕಡ್ಡಿ ಥರ ಇರೋ ಹುಡುಗಿ. ನಮ್ಮ ಮನೆಯಲ್ಲಿ, ಮುಚ್ಚಿದ ಕಿಟಕಿ ಪಕ್ಕ ಕೂತು, ಶಾಲು ಹೊದ್ದು ಕೈ ಉಜ್ಜಿಕೊಳ್ತಿದ್ದಳು. "ಆಂಟಿ, ನೀವು ಮಾಡಿರೋ ಚೀಲ ಅಂತೆ, ನನಗೆ ಭಯವೇ ಇಲ್ಲ" ಅಂದಳು. ಹೇಳಿದ್ರೆ ಅತ್ತೆಯ ಬಾಗಿಲು ಹೋಗುತ್ತೆ, ಹೇಳದಿದ್ರೆ ಐವತ್ತೊಂಬತ್ತು ಮಕ್ಕಳು ಬೆಟ್ಟದ ಮೇಲೆ ಮರಗಟ್ಟಿ ಹೋಗ್ತಾರೆ. ಅತ್ತ ದರಿ ಇತ್ತ ಪುಲಿ ಅನ್ನೋದು ಬರೀ ಗಾದೆ ಅಂದ್ಕೊಂಡಿದ್ದೆ, ಅದರಲ್ಲಿ ನಿಂತು ನೋಡಿದ ಮೇಲೆ ಗೊತ್ತಾಯ್ತು.

ರಜೆ ದಿನ ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. "ತಣ್ಣನೆ ಕೋಣೆ ಕೀಲಿ ತಗೋ, ಆ ನೀಲಿಯಲ್ಲಿ ನಾನು ಮಲಗಿ ನೋಡ್ತೀನಿ" ಅಂದೆ. "ಯಾರಿಗೆ ಗೊತ್ತು, ನಾರು ನಿಜವಾಗ್ಲೂ ಚೆನ್ನಾಗೇ ಇದ್ದೀತು. ಹಾಗಿದ್ರೆ ನಾವಿಬ್ಬರೂ ಬಾಯಿಗೆ ಜಿಪ್ ಹಾಕ್ಕೊಳ್ಳೋಣ." ಅವಳು ಬೇಡ ಅನ್ನಲಿಲ್ಲ. ಅವಳಿಗೂ ಅದೇ ಆಸೆ ಇತ್ತು ಅಂತ ಕಾಣುತ್ತೆ.

ಇಪ್ಪತ್ತೊಂದು ವರ್ಷದಲ್ಲಿ ಎಷ್ಟು ಸಾವಿರ ಚೀಲಕ್ಕೆ ಜಿಪ್ ಕೂರಿಸಿದ್ದೀನೋ, ಒಂದರೊಳಗೂ ಮಲಗಿರಲಿಲ್ಲ. ಮಂಚದ ಮೇಲೆ ಮಲಗಿ ಕತ್ತಿನವರೆಗೆ ಎಳ್ಕೊಂಡೆ. ಅಕ್ಕ ಹೊರಗೆ ಹೋಗಿ ಬಾಗಿಲು ಹಾಕಿದಳು. ಆ ಬಾಗಿಲ ಸದ್ದು ಎಷ್ಟು ದಪ್ಪ ಅಂತೀರಿ! ಗೋಡೆ ಬಿಳಿ, ಮಾಡು ಬಿಳಿ, ಒಂದು ದೀಪ, ಫ್ಯಾನಿನ ಗುಂಯ್ ಸದ್ದು. ಕೈ ಎರಡೂ ಮೈಗೆ ಅಂಟಿ, ಕಾಲು ಅಗಲಿಸೋಕೆ ಜಾಗ ಇಲ್ಲ. ಹತ್ತು ನಿಮಿಷಕ್ಕೇ ಎದ್ದು ಹೋಗೋಣ ಅನ್ನಿಸ್ತು. ಕಿಂಡಿಯಲ್ಲಿ ಅಕ್ಕನ ಮುಖ ಕಾಣ್ತಿತ್ತು. ಅವಳು ಬೆರಳು ಮಡಿಚಿ ಎಷ್ಟು ಡಿಗ್ರಿ ಅಂತ ತೋರಿಸ್ತಿದ್ದಳು. ಎಂಟು. ಏಳು. ಆರು.

ಐದಕ್ಕೆ ಪಾದ ಜೋಮು ಹಿಡೀತು. ನಾಲ್ಕಕ್ಕೆ ಹಲ್ಲು ಕಟಕಟ. ಮೈನಸ್ ಅಲ್ಲ ಸ್ವಾಮಿ, ಬರೀ ನಾಲ್ಕು! ಗಂಟೆ ಒತ್ತಿದೆ. ಆಸೆ ಅಲ್ಲಿಗೆ ಮುಗೀತು. ಏಳೋಣ ಅಂತ ರನ್ನರ್ ಎಳೆದೆ, ಬರಲಿಲ್ಲ. ಚೀಲದ ಒಳಗಿನ ಬಟ್ಟೆ ಜಿಪ್ಪಿನ ಹಲ್ಲಿಗೆ ಸಿಕ್ಕಿತ್ತು. ಜಿಪ್ ಹಿಂದೆ ದಪ್ಪ ಪಟ್ಟಿಯೊಂದು ಹೊಲಿದ್ರೆ ಬಟ್ಟೆ ಸಿಕ್ಕಲ್ಲ. ತೂಕ ಕಮ್ಮಿ ಮಾಡೋಕೆ ಅಂತ ಈ ನೀಲಿಗೆ ಪಟ್ಟಿ ಬೇಡ ಅಂದಿದ್ರು, ನಾನೂ ಸರಿ ಅಂತ ಹೊಲಿದಿದ್ದೆ. ಜೋರಾಗಿ ಎಳೆದೆ, ಇನ್ನೂ ಕಚ್ಚಿಕೊಳ್ತು. ಉಸಿರು ಕಟ್ಟಿದ ಹಾಗಾಯ್ತು. ನನ್ನ ಕೈಯಾರೆ ಮಾಡಿದ ಚೀಲದಲ್ಲಿ ನಾನೇ ಸಿಕ್ಕಿಬಿದ್ದು "ಅಕ್ಕಾ! ಅಕ್ಕಾ!" ಅಂತ ಕಿರುಚಿದೆ.

ಅಕ್ಕ ಓಡಿಬಂದಳು. "ಎಳೀಬೇಡ. ಎಳೆದಷ್ಟೂ ಬಿಗಿಯುತ್ತೆ" ಅಂತ ನನ್ನ ಕೈ ತೆಗೆದು, ರನ್ನರನ್ನ ಒಂದು ಕೂದಲೆಳೆಯಷ್ಟು ವಾಪಸ್ ಮೇಲಕ್ಕೆ ತಳ್ಳಿ, ಬಟ್ಟೆಯನ್ನ ಉಗುರಲ್ಲಿ ಮೆಲ್ಲಗೆ ಬಿಡಿಸಿದಳು. ಅವಳ ಕೈ ಬೆಚ್ಚಗೆ ಸುಡ್ತಿತ್ತು. ಎದ್ದು ಕೂತವಳೇ ಅವಳನ್ನ ತಬ್ಬಿಕೊಂಡು ಅತ್ತುಬಿಟ್ಟೆ.

"ಹದಿನೇಳು ವರ್ಷ ಹೇಗೆ ಮಲಗಿದೆ ಇಲ್ಲಿ?" ಅಂದೆ.

"ಅತ್ತೆ ಹೊರಗೆ ಕೂತಿದ್ದಾರೆ ಅಂತ ನೆನೆಸ್ಕೊಳ್ತಿದ್ದೆ" ಅಂದಳು. ಆಮೇಲೆ, "ನಾಲ್ಕಕ್ಕೇ ಒತ್ತಿದೆ, ಅಲ್ವಾ?" ಅಂತ ಕೇಳಿದಳು. ಹೂಂ ಅಂದೆ. ತುಂಬಾ ಹೊತ್ತು ಚೀಲ ಮಡಿಸ್ತಾ ಇದ್ದಳು. ಅಷ್ಟು ಅಚ್ಚುಕಟ್ಟಾಗಿ ಯಾರೂ ಮಡಿಸಲ್ಲ.

ಮಾರನೇ ದಿನ ಬೆಳಗ್ಗೆ ನಾನು ಹೇಳ್ತೀನಿ ಅಂದ್ರೆ ಕೇಳಲಿಲ್ಲ, ಅವಳೇ ಯಜಮಾನ್ರ ಮುಂದೆ ಹೋಗಿ ನಿಂತಳು. ಬಿಡದೆ ನಾನೂ ಹಿಂದೆ ಹೋದೆ. ಸ್ವೆಟರ್ ತೆಗೆದು ಕುರ್ಚಿ ಮೇಲೆ ಹಾಕಿ, "ನನ್ನ ನಂಬರ್ ತಪ್ಪು ಯಜಮಾನ್ರೇ. ನನಗೆ ಚಳಿ ಆಗಲ್ಲ" ಅಂದಳು. ಕಾರಣನೂ ಮುಚ್ಚುಮರೆ ಇಲ್ಲದೆ ಹೇಳಿದಳು. ಮೇಸ್ತ್ರಿ ನೆಲ ನೋಡಿದ. ಯಜಮಾನ್ರು ಕನ್ನಡಕ ತೆಗೆದು ಒರೆಸಿದ್ರು, ಹಾಕ್ಕೊಂಡ್ರು, ಮತ್ತೆ ತೆಗೆದ್ರು.

ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ರೆ ಬೈದಾದ್ರೂ ಹಗುರ ಆಗ್ತಿದ್ದೆ. ಅವತ್ತೇ ನೀಲಿ ಲೇಬಲ್ ಎಲ್ಲ ಕೀಳಿಸಿದ್ರು, ನಷ್ಟ ಆದ್ರೂ ಉಳಿದ ಐವತ್ತೊಂಬತ್ತು ಹುಡುಗಿಯರಿಗೂ ಕೆಂಪೇ ಕಳಿಸಿದ್ರು. ಅಕ್ಕನನ್ನ ಕೆಲಸದಿಂದ ತೆಗೀಲಿಲ್ಲ, ಕತ್ತರಿ ಮೇಜಿಗೆ ವಾಪಸ್ ಹೋಗಿ ಅಂದ್ರು. ಆದರೆ ಮಲಗೋಕೆ ಬೇರೆ ಯಾರಾದ್ರೂ ಬೇಕಲ್ಲ.

"ನಾನು ಮಲಗ್ತೀನಿ" ಅಂದೆ. ಆ ಕೋಣೆ ಅಂದ್ರೆ ಭಯ ಇತ್ತು, ಆದ್ರೂ ಅಂದೆ. "ಮನೆ ನನ್ನ ಹೆಸರಿಗೆ ಕೊಡಿ, ನಾನು ಇವರನ್ನೇ ಇಟ್ಕೊಳ್ತೀನಿ."

ಯಜಮಾನ್ರು ನನ್ನನ್ನ ನೋಡಿದ್ರು. "ನಿನಗೆಷ್ಟು ವಯಸ್ಸಮ್ಮ?"

"ನಲವತ್ತೇಳು."

ಅವರು ಕುರ್ಚಿ ಮೇಲಿನ ಅಕ್ಕನ ಸ್ವೆಟರ್ ಕಡೆ ನೋಡಿದ್ರು. ಇನ್ನೆರಡು ಮೂರು ವರ್ಷಕ್ಕೆ ನನ್ನದೂ ಅದೇ ಕಥೆ.

ಪ್ಯಾಕಿಂಗ್ ಕಡೆ ಇರೋ ಬಡಕಲು ಹೆಂಗಸೊಬ್ಬಳಿಗೆ ಆ ಕೆಲಸ ಹೋಯ್ತು. ಇಪ್ಪತ್ತಾರು ವಯಸ್ಸು, ಕೈಕಾಲು ಸದಾ ತಣ್ಣಗೆ, ಕಂಕುಳಲ್ಲಿ ಒಂದು ಕೂಸು. ಒಂದೇ ಕೋಣೆಯಲ್ಲಿ ಆರು ಜನ ಇದ್ದವಳು. ಮನೆ ಸಿಕ್ತು ಅಂತ ಅವಳು ಅತ್ತಳು, ಆಮೇಲೆ ಯಾರ ಮನೆ ಅಂತ ಗೊತ್ತಾಗಿ ಮತ್ತೆ ಅತ್ತಳು. ಅವಳನ್ನ ದ್ವೇಷಿಸೋಣ ಅಂತ ಎರಡು ದಿನ ಪ್ರಯತ್ನಪಟ್ಟೆ, ಆಗಲಿಲ್ಲ.

ಈ ಮಧ್ಯೆ ನನ್ನ ಮಗಳು ಬೆಟ್ಟದಿಂದ ಬಂದಳು. ಕೆಂಪು ಚೀಲವನ್ನ ಧೊಪ್ಪಂತ ನೆಲಕ್ಕೆ ಹಾಕಿ, "ಅಮ್ಮಾ, ಇದೆಂಥ ಮೂಟೆ ಕಟ್ಟಿ ಕಳಿಸಿದೆ! ಈ ಸಲ ಅಲ್ಲಿ ಮೋಡ ಕವಿದು ಹತ್ತು ಡಿಗ್ರಿ ಇತ್ತು. ಎಲ್ಲರೂ ಜಿಪ್ ಬಿಚ್ಚಿ, ಕೆಳಗೆ ಹಾಸ್ಕೊಂಡು ಮಲಗಿದ್ವಿ, ಸೆಕೆ ಸೆಕೆ!" ಅಂದಳು. ನಾನು ನಗಬೇಕೋ ಅಳಬೇಕೋ ತಿಳೀದೆ ಅಡುಗೆಮನೆಗೆ ಹೋಗಿ ಪಾತ್ರೆ ಉಜ್ಜಿದೆ. ತೊಳೆದಿಟ್ಟ ಪಾತ್ರೆನೂ ಉಜ್ಜಿದೆ. ಅಕ್ಕನಿಗೆ ಹೇಳಿದಾಗ ಅವಳು, "ಒಳ್ಳೇದಾಯ್ತು ಬಿಡು" ಅಂದಳು. ಅವಳ ಮುಖದಲ್ಲಿ ಬೇರೇನಾದ್ರೂ ಇದೆಯಾ ಅಂತ ಹುಡುಕಿದೆ, ಇರಲಿಲ್ಲ.

ನೆಲದ ಮೇಲಿನ ಮನೆ ಎರಡು ತಿಂಗಳು ಹುಡುಕಿದ್ವಿ. ಇದ್ದದ್ದು ನಮ್ಮ ಕೈಗೆ ಎಟುಕಲಿಲ್ಲ, ಕೈಗೆ ಎಟುಕಿದ್ದು ಇರಲಿಲ್ಲ. ನಮ್ಮ ಮನೆ ಮೂರನೇ ಮಹಡಿ, ಮೂವತ್ತೆಂಟು ಮೆಟ್ಟಿಲು. ಅದರಲ್ಲಿ ಒಂದು ಕೋಣೆ ಬಿಡಿಸಿಕೊಟ್ಟೆ. ಬೇರೆ ದಾರಿ ಏನಿತ್ತು?

ಅತ್ತೆಯನ್ನ ಹತ್ತಿಸೋದು ಹೇಗೆ ಅನ್ನೋದೇ ಚಿಂತೆ. ಕುರ್ಚಿಯಲ್ಲಿ ಎತ್ತಿದ್ರೆ ತಿರುವಿನಲ್ಲಿ ತಗಲುತ್ತೆ, ಬೆನ್ನ ಮೇಲೆ ಹೊತ್ರೆ ಸೊಂಟ ತಡೆಯಲ್ಲ. ಅಕ್ಕನೇ ಉಪಾಯ ಹೇಳಿದಳು. ಮಗಳ ಕೆಂಪು ಚೀಲ ಇತ್ತಲ್ಲ, ಅಂಗಳದ ಮನೆಯ ಹೊಸಿಲಲ್ಲೇ ಅದನ್ನ ಹಾಸಿ, ಅತ್ತೆಯನ್ನ ಒಳಗೆ ಮಲಗಿಸಿ ಎದೆಯವರೆಗೆ ಜಿಪ್ ಎಳೆದಳು. ಆಟೋದಲ್ಲಿ ತಂದು, ನಮ್ಮ ಮೆಟ್ಟಿಲ ಬುಡದಲ್ಲಿ ನಾಲ್ಕು ಮೂಲೆ ನಾಲ್ಕು ಜನ ಹಿಡಿದ್ವಿ. ಅಕ್ಕ, ನಾನು, ನನ್ನ ಮಗಳು, ಕರೀದೆ ಬಂದ ಲೇಬಲ್ ಮೇಸ್ತ್ರಿ.

ಅತ್ತೆಗೆ ಭಾರಿ ಖುಷಿ. "ನೋಡ್ರೇ, ಸೊಸೆ ಹದಿನೇಳು ವರ್ಷ ತಾನೊಬ್ಬಳೇ ಮಲಗಿ ಸುಖಪಟ್ಟಳು, ಇವತ್ತು ನನಗೂ ಕೊಟ್ಟಳು" ಅಂತ ನಗಾಡಿದ್ರು. ಪ್ರತಿ ಮಹಡಿಯ ಬಾಗಿಲಲ್ಲೂ ನಿಲ್ಲಿಸಿ, ಇಣುಕಿದವರ ಹೆಸರು ಕೇಳಿದ್ರು, ಮಕ್ಕಳೆಷ್ಟು ಅಂತ ಕೇಳಿದ್ರು. ಮೇಸ್ತ್ರಿ ಏದುಸಿರು ಬಿಡ್ತಿದ್ದ. ಅಕ್ಕನ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು, ಒರೆಸ್ಕೊಳ್ಳೋಕೆ ಕೈ ಬಿಡುವಿರಲಿಲ್ಲ.

ಮೇಲೆ ತಂದು ಕಿಟಕಿ ಪಕ್ಕದ ಮಂಚದ ಮೇಲೆ ಇಳಿಸಿದ್ವಿ. ಕಿಟಕಿಯಲ್ಲಿ ಎದುರುಮನೆಯ ಗೋಡೆ, ಅದರ ಮೇಲೊಂದು ನೀರಿನ ಕೊಳವೆ ಕಾಣುತ್ತೆ, ಅಷ್ಟೇ. ಅತ್ತೆ ಆ ಕಡೆ ನೋಡಿದ್ರು, ನಮ್ಮ ಮನೆ ಬಾಗಿಲ ಕಡೆ ನೋಡಿದ್ರು. ಅದರಾಚೆ ಇರೋದು ಮೆಟ್ಟಿಲು. ಮತ್ತೆ ಸೊಸೆಯ ಮುಖ ನೋಡಿದ್ರು. ನಗು ಇನ್ನೂ ಪೂರ್ತಿ ಹೋಗಿರಲಿಲ್ಲ.

"ಮತ್ತೆ ಕೆಳಗೆ ಇಳಿಸೋದು ಯಾವಾಗ?" ಅಂತ ಕೇಳಿದ್ರು.

ಮೇಸ್ತ್ರಿ ಹೊರಗೆ ಹೋದ. ಅಕ್ಕ ಮಂಚದ ಪಕ್ಕ ಮಂಡಿಯೂರಿ ಕೂತು, ಬಟ್ಟೆ ಸಿಕ್ಕದ ಹಾಗೆ ಒಂದು ಬೆರಳು ಒಳಗಿಟ್ಟು, ಜಿಪ್ಪನ್ನ ಮೆಲ್ಲಗೆ ಬಿಚ್ಚತೊಡಗಿದಳು.

"ಮೊದಲು ಕೈ ಹೊರಗೆ ತೆಗೀರಿ ಅತ್ತೆ" ಅಂದಳು.